ಹಸಿ ಕಳಲೆಗೆ ಐದು ಸ್ಟಾರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನರಸಿಂಹರಾಜಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಿಕೊಳ್ಳಲಿ, ನನಗೇನೂ ನಷ್ಟವಿಲ್ಲ. ಆದರೆ ಆ ದಿನ ಬೆಳಿಗ್ಗೆ ನನ್ನ ಅಣ್ಣನ ಮಗಳು ನಿಶ್ಚಿತಾ ಫೋನನ್ನು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು, "ಅತ್ತೆ, ನೋಡಿ ಇಲ್ಲಿ, ಕೊನೆಗೂ ಒಂದು ಒಳ್ಳೇ ರಿವ್ಯೂ. ಐದು ಸ್ಟಾರ್" ಎಂದಾಗ ನನಗೆ ಬಂದದ್ದು ಸಿಟ್ಟಲ್ಲ. ಓದುತ್ತ ಹೋದಂತೆ ಬಂದದ್ದು ಭಯ.

ನಮ್ಮದು ಫೋನಿನಲ್ಲಿ ನಡೆಯುವ ಅಂಗಡಿ. 'ಪ್ರೇಮಕ್ಕನ ಅಡುಗೆಮನೆ' ಎಂದು ಹೆಸರು. ಪ್ರೇಮಕ್ಕ ಎಂದರೆ ನಾನೇ. ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ಹಪ್ಪಳ ಒಣಗಿಸುವುದು, ಉಪ್ಪಿನಕಾಯಿ ಹಾಕುವುದು, ಕಷಾಯದ ಪುಡಿ ಮಾಡುವುದು ನನ್ನ ಪಾಲು. ಫೋಟೊ ಹಿಡಿದು ಸೈಟಿಗೆ ಹಾಕುವುದು, ಆರ್ಡರ್ ನೋಡುವುದು, ಗಿರಾಕಿಗಳ ಹತ್ತಿರ ಮಾತಾಡುವುದು ನಿಶ್ಚಿತಾಳ ಪಾಲು. ಗಿರಾಕಿಗಳ ಹತ್ತಿರ ನನ್ನನ್ನು ಬಿಡುವುದಿಲ್ಲ, ನಾನು ಜಗಳಕ್ಕೆ ನಿಲ್ಲುತ್ತೇನಂತೆ.

ಮಾಲು ಹೋಗುತ್ತಿತ್ತು, ರಿವ್ಯೂ ಬರುತ್ತಿರಲಿಲ್ಲ. ನಮ್ಮ ಕಡೆಯ ಜನವೇ ಹಾಗೆ. ರುಚಿಯಾಗಿದ್ದರೆ ಸದ್ದಿಲ್ಲದೆ ಇನ್ನೊಂದು ಡಬ್ಬಿ ತರಿಸುತ್ತಾರೆಯೇ ಹೊರತು ಬಾಯಿಬಿಟ್ಟು ಚೆನ್ನಾಗಿದೆ ಎನ್ನುವುದಿಲ್ಲ, ಹೊಗಳಿದರೆ ಅವರ ನಾಲಗೆ ಸವೆದುಹೋಗುತ್ತದೆ. ರಿವ್ಯೂ ಇಲ್ಲದ ಅಂಗಡಿಯನ್ನು ಹೊಸಬರು ನಂಬುವುದಿಲ್ಲ ಎಂದು ನಿಶ್ಚಿತಾ ಊಟ ನಿದ್ದೆ ಬಿಟ್ಟಳು. ಕೊನೆಗೆ ಫೋನಿಗೆ ಎಂಥದೋ ಒಂದು ಏರ್ಪಾಡು ಮಾಡಿಕೊಂಡಳು. ಪಾರ್ಸಲ್ ತಲುಪಿದ ದಿನ ಗಿರಾಕಿಗೆ ತಾನಾಗಿಯೇ ಒಂದು ಮೆಸೇಜ್ ಹೋಗುತ್ತದೆ: ನಮಸ್ಕಾರ, ನಮ್ಮ ಪದಾರ್ಥ ಹೇಗಿತ್ತು? ಮರುದಿನ ಇನ್ನೊಂದು: ನೀವು ಮರೆತಿರಬಹುದು, ಹೇಗಿತ್ತು? ಅದರ ಮರುದಿನ ಮತ್ತೊಂದು. ಹಬ್ಬ ಬಂದರೆ ಶುಭಾಶಯದ ಕೆಳಗೆ ಅದೇ ಪ್ರಶ್ನೆ.

"ಅಲ್ಲ ಕಣೆ, ಊಟಕ್ಕೆ ಕೂತವ್ರ ಎದ್ರು ನಿಂತು ತುತ್ತು ತುತ್ತಿಗೂ ಹೇಗಿದೆ, ಹೇಗಿದೆ ಅಂತ ಕೇಳಿದ್ರೆ ಅವ್ರಿಗೆ ಊಟ ಇಳಿಯುತ್ತಾ?" ಎಂದು ನಾನು ಬೈದಿದ್ದೆ.

"ಆನ್‌ಲೈನ್‌ನಲ್ಲಿ ಎಲ್ಲರೂ ಹೀಗೇ ಮಾಡೋದು ಅತ್ತೆ. ನಿಮಗೆ ಗೊತ್ತಾಗಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಬಂದ ಫಲವೆಂದರೆ ಅರ್ಧಕ್ಕರ್ಧ ಗಿರಾಕಿಗಳು ನಮ್ಮ ನಂಬರನ್ನೇ ಬ್ಲಾಕ್ ಮಾಡಿದರು.

ಇನ್ನು ಕಳಲೆಯ ವಿಷಯ. ಮಳೆ ಹಿಡಿದ ಮೇಲೆ ಬಿದಿರುಮೆಳೆಯ ಬುಡದಲ್ಲಿ ಏಳುವ ಎಳೆ ಮೊಳಕೆಯೇ ಕಳಲೆ. ಅದನ್ನು ತೆಳ್ಳಗೆ ಹೆಚ್ಚಿ ಮೂರು ದಿನ ನೀರಿನಲ್ಲಿ ಹಾಕಿಟ್ಟು, ದಿನವೂ ಆ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಬೇಯಿಸಿ ಪಲ್ಯವೋ ಹುಳಿಯೋ ಮಾಡಬೇಕು. ಹಸಿಯಾಗಿ ತಿಂದರೆ ವಿಷ. ನೀರಿನಲ್ಲಿ ಕೂತ ಕಳಲೆಗೆ ಒಂದು ಹುಳಿ ವಾಸನೆ ಇರುತ್ತದೆ. ಆ ವಾಸನೆ ಬಂದರೆ ನಮ್ಮಂಥವರ ಬಾಯಲ್ಲಿ ನೀರೂರುತ್ತದೆ. ಹಿಂದಿನ ತಿಂಗಳು ನೀರಿಗೆ ಹಾಕಿಯೇ ಕಳಿಸಿದ ಪ್ಯಾಕೆಟ್ಟು ಒಡೆದು ಪೇಟೆಯ ಪುಣ್ಯಾತ್ಮನೊಬ್ಬ ಬರೆದಿದ್ದ: ಕೊಳೆತ ವಾಸನೆ, ಒಂದು ಸ್ಟಾರ್. ಎಷ್ಟು ಗೋಗರೆದರೂ ಒಳ್ಳೆಯ ಮಾತು ಬಾರದಿದ್ದ ಪುಟದಲ್ಲಿ ಅದೊಂದೇ ದೊಡ್ಡದಾಗಿ ಕೂತಿತ್ತು.

"ನೀರಿಗೆ ಹಾಕದೆ ಹಸಿದೇ ಕಳ್ಸೋಣ ಅತ್ತೆ. ಅವರವರ ಮನೇಲಿ ಅವರವರು ನೀರಿಗೆ ಹಾಕ್ಕೊಳ್ತಾರೆ. ವಾಸನೆನೂ ಇರಲ್ಲ, ಫೋಟೋದಲ್ಲೂ ಬೆಳ್ಳಗೆ ಚಂದ ಕಾಣುತ್ತೆ" ಎಂದಳು ನಿಶ್ಚಿತಾ. ನನಗೂ ಸರಿಯೆನಿಸಿತು. ಕಡಹಿನಬೈಲಿನ ಅಣ್ಣನ ಗದ್ದೆಯ ಬದಿಯ ಮೆಳೆಯಿಂದ ತರಿಸಿ, ಹೆಚ್ಚಿ, ಪ್ಯಾಕೆಟ್ ಮಾಡಿ ಕಳಿಸಿದೆವು. 'ಇಂದೇ ಕೊಯ್ದ ಹಸಿ ಕಳಲೆ' ಎಂದು ಚೀಟಿ ಅಂಟಿಸಿದೆವು. ನೀರಿಗೆ ಹಾಕಿ ಎಂದು ಬರೆಯಬೇಕೆಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಅಕ್ಕಿಯನ್ನು ತೊಳೆದು ಬೇಯಿಸಿ ಎಂದು ಅಕ್ಕಿ ಚೀಲದ ಮೇಲೆ ಯಾರಾದರೂ ಬರೆಯುತ್ತಾರೆಯೇ?

ಆ ದಿನ ಬಂದ ರಿವ್ಯೂ ಅದಕ್ಕೇ. ಬರೆದವಳ ಹೆಸರು ಅನನ್ಯ. ಬರೆದದ್ದು ಹೀಗಿತ್ತು: 'ಮೆಸೇಜ್ ಮೇಲೆ ಮೆಸೇಜ್ ಕಳಿಸಿ ತಲೆ ತಿಂದಿದ್ದಕ್ಕೆ ಒಂದು ಸ್ಟಾರ್ ಕಡಿಮೆ ಕೊಡಬೇಕು ಅಂದುಕೊಂಡಿದ್ದೆ. ಆದರೆ ಕಳಲೆ ಬಹಳ ತಾಜಾ ಇದೆ. ತೊಳೆದು ಹಸಿಯಾಗಿಯೇ ಕೋಸಂಬರಿ ಮಾಡಿದೆ. ಸ್ವಲ್ಪ ಕಹಿ, ನಿಂಬೆಹಣ್ಣು ಹಿಂಡಿದರೆ ಅದೂ ಚೆನ್ನ. ರಾತ್ರಿ ಸ್ವಲ್ಪ ತಿಂದು ನೋಡಿದೆ. ನಾಳೆ ಮಧ್ಯಾಹ್ನ ನಮ್ಮ ಹೋಮ್‌ಸ್ಟೇಗೆ ಬಂದ ಅತಿಥಿಗಳಿಗೆಲ್ಲ ಇದನ್ನೇ ಬಡಿಸುತ್ತೇನೆ.'

ಕೆಳಗೆ ಫೋಟೊ. ಹೆಸರುಬೇಳೆ, ಕಾಯಿತುರಿ, ಒಗ್ಗರಣೆಯ ಸಾಸಿವೆ, ಅದರ ನಡುವೆ ಬಿಳಿಯ ಕಳಲೆ.

"ನಾಳೆ ಅಂದ್ರೆ ಇವತ್ತು" ಎಂದೆ.

ನಿಶ್ಚಿತಾ ಇನ್ನೊಮ್ಮೆ ಓದಿದಳು. ಈ ಸಲ ಅವಳಿಗೂ ಅರ್ಥವಾಯಿತು. ಮುಖದ ನಗು ಹಾಗೇ ಅಂಟಿಕೊಂಡಿತ್ತು, ಕಣ್ಣು ಮಾತ್ರ ಬದಲಾದವು. ಅನನ್ಯಳ ನಂಬರಿಗೆ ಫೋನ್ ಮಾಡಿದಳು, ಹೋಗಲಿಲ್ಲ. ಅವಳೂ ನಮ್ಮನ್ನು ಬ್ಲಾಕ್ ಮಾಡಿದ್ದಳು. ನನ್ನ ಫೋನಿನಿಂದ ಮಾಡಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಬಂತು. ವಿಳಾಸ ನೋಡಿದರೆ ಶೃಂಗೇರಿಯಾಚೆಯ ನೆಮ್ಮಾರು. ಕಾಡಿನ ಊರು, ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಅದರ ಮನಸ್ಸು ಬಂದಾಗ ಮಾತ್ರ.

ನಮ್ಮ ಪಾರ್ಸಲ್‌ಗಳನ್ನು ಕೊರಿಯರ್ ಆಫೀಸಿಗೆ ಹಾಕುವವನು ಪ್ರದೀಪ. ಓಮ್ನಿ ಇಟ್ಟುಕೊಂಡಿದ್ದಾನೆ. ಅವನು ಬಾಗಿಲಲ್ಲಿ ಬಂದು ನಿಂತು "ಇವತ್ತು ಎಷ್ಟು ಬಾಕ್ಸ್ ಪ್ರೇಮಕ್ಕ?" ಎನ್ನುವಷ್ಟರಲ್ಲಿ ನಾನು ಓಮ್ನಿಯ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

"ನೆಮ್ಮಾರಿಗೆ ನಡಿ. ಯಾಕೆ ಅಂತ ದಾರಿಲಿ ಹೇಳ್ತೀನಿ."

ಕೊಪ್ಪದ ರಸ್ತೆ ಹಿಡಿದೆವು. ಪ್ರದೀಪ ವಿಷಯ ಕೇಳಿ ಗೇರ್ ಬದಲಿಸಿದ. ಹಿಂದಿನ ಸೀಟಿನಲ್ಲಿ ನಿಶ್ಚಿತಾ ಅದೇ ಕಳಲೆ ತರಿಸಿದ ಉಳಿದವರಿಗೆ ಫೋನ್ ಮಾಡತೊಡಗಿದಳು. ಹೆಚ್ಚು ಜನರಿರಲಿಲ್ಲ, ಹಸಿಯದನ್ನು ಕಳಿಸಿದ್ದು ಅದೇ ಮೊದಲ ಸಲ. ನನ್ನ ಫೋನಿನಿಂದಲೇ ಮಾಡುತ್ತಿದ್ದಳು. "ನಮಸ್ಕಾರ, ನಾವು ಪ್ರೇಮಕ್ಕನ ಅಡುಗೆಮನೆಯಿಂದ" ಎನ್ನುವುದಷ್ಟೇ, ಆ ಕಡೆ ಕಟ್. ಇನ್ನೊಂದು ನಂಬರ್. "ಮೇಡಂ, ಪ್ರೇಮಕ್ಕನ" ಎಂದಳು, ಕಟ್. ಮೂರನೆಯವರು ಮಾತಾಡಿದರು, ನನಗೂ ಕೇಳುವಷ್ಟು ಜೋರಾಗಿ. "ರಿವ್ಯೂ ಗಿವ್ಯೂ ಎಲ್ಲ ಆಗಲ್ಲಮ್ಮ. ಇನ್ನೊಂದ್ಸಲ ಫೋನ್ ಮಾಡಿದ್ರೆ ಕಂಪ್ಲೇಂಟ್ ಕೊಡ್ತೀನಿ."

ನನ್ನ ಮೈ ಉರಿದುಹೋಯಿತು. "ಕೊಡೆ ಇಲ್ಲಿ" ಎಂದು ಫೋನ್ ಕಿತ್ತುಕೊಂಡೆ. "ಅಂಗಡಿ ಹೆಸ್ರು ಎಂತಕ್ಕೆ ಹೇಳ್ತೀಯ? ಆ ಹೆಸ್ರು ಕೇಳಿದ್ರೆ ಜನ ಓಡೋ ಹಾಗೆ ಮಾಡಿಟ್ಟಿದ್ದೀಯಲ್ಲ. ನನ್ನ ಹೆಸ್ರು ಕಣೆ ಅದು."

ನಿಶ್ಚಿತಾ ತಲೆ ತಗ್ಗಿಸಿದಳು. ನಾನು ಮತ್ತೆ ಅದೇ ನಂಬರುಗಳನ್ನು ಒತ್ತಿದೆ. ಹಲೋ ಎನ್ನುವ ಮೊದಲೇ, "ಆ ಹಸಿ ಕಳಲೆನ ನೀರಿಗೆ ಹಾಕಿದ್ರಾ ಇಲ್ವಾ?" ಎಂದು ಕೇಳಿದೆ. ಈ ಸಲ ಯಾರೂ ಫೋನಿಡಲಿಲ್ಲ. ಎಲ್ಲರೂ ಬೈದರು. "ನಾನು ಕಳಸದವಳು, ನಂಗೆ ಕಳಲೆ ನೀರಿಗೆ ಹಾಕೋದು ಹೇಳ್ಕೊಡ್ತೀಯಾ?" ಎಂದಳು ಮೈಸೂರಿನಲ್ಲಿರುವ ಒಬ್ಬಳು. "ಎಂತ ಮಾರಾಯ್ತಿ, ನಮ್ಮನ್ನ ಎಂಥ ದಡ್ಡರು ಅಂದ್ಕೊಂಡಿದ್ದೀರಿ" ಎಂದರು ಶಿವಮೊಗ್ಗದವರು. ಬೈಗುಳ ಒಂದೊಂದೂ ನನಗೆ ಪಾಯಸದ ಹಾಗೆ ಇಳಿಯಿತು. ಎಲ್ಲರೂ ನಮ್ಮ ಕಡೆಯವರೇ, ಎಲ್ಲರ ಮನೆಯಲ್ಲೂ ಕಳಲೆ ನೀರಿನಲ್ಲಿ ಕೂತಿತ್ತು. ಉಳಿದವಳು ಅನನ್ಯ ಒಬ್ಬಳೇ.

ಕೊಪ್ಪದ ಪೇಟೆಯೊಳಗೆ ಲಾರಿಯೊಂದು ಅಡ್ಡ ನಿಂತು ಅಡಿಕೆ ಮೂಟೆ ಇಳಿಸುತ್ತಿತ್ತು. ಹಿಂದೆ ಬಸ್ಸು, ಮುಂದೆ ಲಾರಿ. ಪ್ರದೀಪ ಇಳಿದು ಹೋಗಿ ಕೈಮುಗಿದ. ಲಾರಿಯವನು ಎಲೆಯಡಿಕೆ ಉಗಿದು, ಇನ್ನು ನಾಲ್ಕೇ ಮೂಟೆ ಎಂದ. ನಾನು ಇಳಿಯಲು ಬಾಗಿಲು ತೆಗೆದದ್ದನ್ನು ನೋಡಿ ನಿಶ್ಚಿತಾ ನನ್ನ ಸೆರಗು ಹಿಡಿದುಕೊಂಡಳು.

"ಅತ್ತೆ, ಪೊಲೀಸ್‌ಗೆ ಹೇಳೋಣ?"

"ಹೇಳು. ಒಬ್ಳು ಹುಡುಗಿ ಕೋಸಂಬರಿ ಮಾಡ್ತಿದ್ದಾಳೆ, ಓಡಿ ಹೋಗಿ ಹಿಡೀರಿ ಅನ್ನು."

ಸಿಟ್ಟಿಗೆ ಹಾಗೆ ಅಂದೆನೇ ಹೊರತು, ಅವಳು ಫೋನ್ ಮಾಡಿಯೇ ಮಾಡಿದಳು. ಆ ಕಡೆಯವರು ಎರಡೆರಡು ಸಲ ಕೇಳಿ, ಅತ್ತ ಯಾರಾದರೂ ಹೋಗುವವರಿದ್ದರೆ ಹೇಳುತ್ತೇವೆ ಎಂದರು. ಹೋಮ್‌ಸ್ಟೇಯ ಪುಟದಲ್ಲಿದ್ದ ಇನ್ನೊಂದು ನಂಬರು ಸ್ವಿಚ್ ಆಫ್ ಆಗಿತ್ತು. ಹಿಂದೆ ಯಾವುದೋ ಮನೆಯ ದನ ಮೆಳೆಗೆ ನುಗ್ಗಿ ಕಳಲೆ ತಿಂದು ನೊರೆ ಕಾರಿ ಬಿದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಆ ಹುಡುಗಿ ರಾತ್ರಿ ಎಷ್ಟು ತಿಂದಿದ್ದಳೋ, ಮಧ್ಯಾಹ್ನ ಎಷ್ಟು ಜನ ಕೂರುತ್ತಾರೋ, ಅವರಲ್ಲಿ ಮಕ್ಕಳಿದ್ದರೆ ಏನು ಗತಿಯೋ. ಎಲ್ಲದಕ್ಕೂ ಚೀಟಿಯ ಮೇಲೆ ಇರುವುದು ನನ್ನ ಹೆಸರು.

ಲಾರಿ ಸರಿಯಿತು. ಪ್ರದೀಪ ಸೀಟಿಗೆ ಬಂದು ಕೂತವನು ಒಮ್ಮೆಲೇ, "ಅಯ್ಯೋ ನನ್ನ ಬುದ್ಧಿಗಿಷ್ಟು. ನಮ್ಮ ಮಾವ ಇದ್ದಾರಲ್ಲ ನೆಮ್ಮಾರಲ್ಲಿ" ಎಂದ. ಅವನ ತಾಯಿಯ ತಮ್ಮ ಮಂಜಪ್ಪ ಅಲ್ಲಿ ರಸ್ತೆಬದಿಗೆ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ, ಅಂಗಡಿಯಲ್ಲಿ ಹಳೆಯ ಲ್ಯಾಂಡ್‌ಲೈನ್ ಇನ್ನೂ ಇದೆ. ಹಚ್ಚಿದ ಕೂಡಲೇ ಸಿಕ್ಕಿದರು. ನಾನೇ ಮಾತಾಡಿದೆ.

"ಮಂಜಪ್ಪಣ್ಣ, ನಿಮ್ಮೂರ ಹೋಮ್‌ಸ್ಟೇಲಿ ಅನನ್ಯ ಅಂತ ಒಬ್ಳು ಹುಡುಗಿ ಇದ್ದಾಳಲ್ಲ, ಅವ್ಳು ನೀರಿಗೆ ಹಾಕದ ಕಳಲೆನ ಕೋಸಂಬರಿ ಮಾಡಿ ಬಡಿಸ್ತಾಳಂತೆ. ಬಡಿಸ್ಬೇಡ ಅಂತ ಹೇಳಿ. ಈಗ್ಲೇ ಎದ್ದು ಹೋಗಿ."

ಆ ಕಡೆಯಿಂದ ಸಾವಕಾಶವಾದ ಒಂದು ನಗು ಬಂತು. "ನೀರಿಗೆ ಹಾಕದ್ದನ್ನ ಯಾರು ತಿಂತಾರೆ ಮಾರಾಯ್ತಿ? ಕಹಿ ಅಲ್ವಾ?"

"ಅವ್ಳಿಗೆ ಗೊತ್ತಿಲ್ಲ. ಬಯಲುಸೀಮೆಯವಳಿರ್ಬೇಕು. ನೀವು ಹೋಗಿ ಮೊದ್ಲು."

"ಆಯ್ತು ಆಯ್ತು. ಗಿರಾಕಿ ಇದ್ದಾರೆ, ಸಕ್ರೆ ಕಟ್ಟಿಕೊಟ್ಟು ಹೋಗ್ತೆ."

"ಸಕ್ರೆ ಆಮೇಲೆ ಕಟ್ಟಿ" ಎಂದು ನಾನು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಲೈನು ಹೋಯಿತು. ಮತ್ತೆ ಹಚ್ಚಿದರೆ ರಿಂಗಾಗುತ್ತಲೇ ಇತ್ತು, ಯಾರೂ ತೆಗೆಯಲಿಲ್ಲ. ಹೋಗಿರಬೇಕು ಎಂದು ಪ್ರದೀಪ ಸಮಾಧಾನ ಹೇಳಿದ. ನನಗೆ ಸಮಾಧಾನವಾಗಲಿಲ್ಲ. ನಮ್ಮ ಜನರ ನಿಧಾನ ನನಗೆ ಗೊತ್ತಿಲ್ಲದ್ದಲ್ಲ.

ಹರಿಹರಪುರ ದಾಟಿದೆವು. ಶೃಂಗೇರಿಯಲ್ಲಿ ಮಠದ ಕಡೆ ಹೊರಟ ಪ್ರವಾಸಿಗಳ ಬಸ್ಸುಗಳ ನಡುವೆ ಓಮ್ನಿಯನ್ನು ಹೇಗೋ ನುಗ್ಗಿಸಿಕೊಂಡು ಪ್ರದೀಪ ಆಚೆ ಬಂದ. ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗುತ್ತಿತ್ತು. ಹಿಂದೆ ನಿಶ್ಚಿತಾ ಅಳುತ್ತಿದ್ದಳು. ಸದ್ದು ಬಾರದ ಹಾಗೆ ಅಳುತ್ತಿದ್ದಳು, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ಅಳ್ಬೇಡ. ಎಂತ ಹೇಳ್ಬೇಕು ಅಂತ ಯೋಚ್ನೆ ಮಾಡು."

"ಅವ್ರಿಗೆ ಏನಾದ್ರೂ ಆದ್ರೆ ನಾನು ಏನ್ಮಾಡ್ಲಿ ಅತ್ತೆ?"

ನಾನು ಪ್ರದೀಪನ ಮೇಲೆ ಹರಿಹಾಯ್ದೆ, ಎತ್ತಿನಗಾಡಿ ಹೊಡೆಯುತ್ತಿದ್ದೀಯಾ ಎಂದು. ಪಾಪ, ಆ ತಿರುವುಗಳಲ್ಲಿ ಅವನು ಪ್ರಾಣ ಒತ್ತೆಯಿಟ್ಟು ಓಡಿಸುತ್ತಿದ್ದ.

ನೆಮ್ಮಾರಿನಲ್ಲಿ ಮೊದಲು ಕಂಡದ್ದೇ ಮಂಜಪ್ಪ. ಅಂಗಡಿಯ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಓಮ್ನಿ ನಿಲ್ಲುವ ಮೊದಲೇ ನಾನು ಕಿಟಕಿಯಿಂದ ಕೇಳಿದೆ, "ಹೇಳಿದ್ರಾ?"

"ಹೇಳ್ದೆ, ಹೇಳ್ದೆ. ಹೋಗಿ ಬಂದೆ. ಆ ಆನ್‌ಲೈನ್ ಅಂಗಡಿಯವ್ರು ನಿಮ್ಮನ್ನ ಹುಡುಕ್ಕೊಂಡು ಬರ್ತಿದ್ದಾರೆ ಅಂದೆ."

"ಕಳಲೆ ವಿಷಯ?"

"ನೀವೇ ಬರ್ತಿದ್ದೀರಲ್ಲ, ನೀವೇ ಹೇಳ್ತೀರಿ ಅಂತ ಬಿಟ್ಟೆ. ಬೇರೆಯವ್ರ ಮನೆ ಅಡುಗೇಲಿ ನಾನೆಂತಕ್ಕೆ ಬಾಯಿ ಹಾಕೋದು? ಚಂದಾಗ್ತದಾ?"

ಅವರಿಗೆ ನಾನು ಏನೆಂದೆನೋ ನನಗೆ ನೆನಪಿಲ್ಲ. ಪ್ರದೀಪನಿಗೆ ನೆನಪಿದೆಯಂತೆ, ಹೇಳುವುದಿಲ್ಲ ಎನ್ನುತ್ತಾನೆ.

ಹೋಮ್‌ಸ್ಟೇ ರಸ್ತೆಯಿಂದ ಸ್ವಲ್ಪ ಒಳಗೆ. ಅಂಗಳದಲ್ಲಿ ಕಾರುಗಳಿದ್ದವು, ತಂತಿಯ ಮೇಲೆ ಜಲಪಾತ ನೋಡಿ ಬಂದವರ ಒದ್ದೆ ಬಟ್ಟೆಗಳಿದ್ದವು. ನಿಶ್ಚಿತಾ ನನಗಿಂತ ಮೊದಲು ಓಡಿ ಬಾಗಿಲು ಬಡಿದಳು. ತೆಗೆದವಳು ಏಪ್ರನ್ ಕಟ್ಟಿಕೊಂಡ ಹುಡುಗಿ, ನಿಶ್ಚಿತಾಳದೇ ವಯಸ್ಸು. ಮುಖ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರು.

"ನಮಸ್ಕಾರ ಮೇಡಂ, ನಾವು ಪ್ರೇಮಕ್ಕನ ಅಡುಗೆಮನೆಯಿಂದ" ಎಂದಳು ನಿಶ್ಚಿತಾ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದವಳ ಬಾಯಿಗೆ ರೂಢಿಯ ಮಾತೇ ಬಂದುಬಿಟ್ಟಿತು.

ಆ ಹುಡುಗಿಯ ಹುಬ್ಬು ಮೇಲೇರಿತು. "ಮನಿ ತನಕ ಬಂದ್ರೇನ್ರಿ ಈಗ? ಹಾಕೀನಲ್ರಿ ರಿವ್ಯೂ. ಐದ ಸ್ಟಾರ್ ಕೊಟ್ಟೀನಿ. ಇನ್ನೇನ್ ಬೇಕ್ರಿ ನಿಮಗ? ಮಂದಿ ಊಟಕ್ಕ ಕುಂತಾರ, ಆಮ್ಯಾಲ ಬರ್ರಿ."

"ಮೇಡಂ, ಅದಲ್ಲ, ಕಳಲೆ" ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿ ಚಿಲಕ ಬಿತ್ತು.

ನಿಶ್ಚಿತಾ ಬಾಗಿಲು ಬಡಿಯುತ್ತ ನಿಂತಳು. ನಾನು ನಿಲ್ಲಲಿಲ್ಲ. ನಮ್ಮ ಕಡೆಯ ಮನೆಗಳಿಗೆ ಹಿತ್ತಿಲ ಕಡೆ ಬಚ್ಚಲಿನ ಪಕ್ಕ ಇನ್ನೊಂದು ಬಾಗಿಲು ಇದ್ದೇ ಇರುತ್ತದೆ. ಸೀರೆ ಎತ್ತಿ ಕಟ್ಟಿಕೊಂಡು ಮನೆ ಸುತ್ತಿ ಓಡಿದೆ. ತೆರೆದೇ ಇತ್ತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅನ್ನ, ಸಾರು, ಪಲ್ಯ ಎಲ್ಲ ತುಂಬಿದ ಪಾತ್ರೆಗಳಲ್ಲಿ ಇನ್ನೂ ಹೊಗೆಯಾಡುತ್ತಿದ್ದವು. ಕೋಸಂಬರಿಯ ಬೋಗುಣಿ ಮಾತ್ರ ಖಾಲಿಯಾಗಿತ್ತು.

ಕೋಸಂಬರಿಯನ್ನು ಎಲೆಗೆ ಮೊದಲು ಬಡಿಸುತ್ತಾರೆ. ನಮ್ಮಲ್ಲಾದರೆ ಅನ್ನ ತುಪ್ಪ ಬೀಳುವವರೆಗೆ ಯಾರೂ ಎಲೆಗೆ ಕೈಹಾಕುವುದಿಲ್ಲ. ಪೇಟೆಯವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು. ಪಡಸಾಲೆಗೆ ನುಗ್ಗಿದೆ. ಎರಡು ಸಾಲು ಬಾಳೆಲೆ, ಎರಡು ಸಾಲು ಜನ, ಎಲೆಯ ತುದಿಯಲ್ಲಿ ಬಿಳಿಬಿಳಿಯಾಗಿ ಕೋಸಂಬರಿ. ಒಂದು ಪುಟ್ಟ ಹುಡುಗಿ ಬೆರಳಲ್ಲಿ ಚಿಟಿಕೆಯಷ್ಟು ಎತ್ತಿಕೊಂಡು ಬಾಯಿ ತೆರೆದಿತ್ತು. ನಾನು ಹೋಗಿ ಅದರ ಕೈಗೆ ಹೊಡೆದೆ.

ಮಗು ಕಿಟಾರನೆ ಕಿರುಚಿತು. ಅದರ ತಾಯಿ ಎದ್ದು ನಿಂತಳು. ಎಲೆಯ ಮುಂದೆ ಕೂತವರ ಕೈಗೆ ಹೊಡೆಯುವುದೆಂದರೆ ನಮ್ಮಲ್ಲಿ ಜನ್ಮವೈರಿಗೂ ಮಾಡದ ಕೆಲಸ. ನಾನು ಒಬ್ಬೊಬ್ಬರ ಎಲೆಗೂ ಬಾಗಿ ಕೋಸಂಬರಿಯನ್ನು ಬಾಚಿ ಸೆರಗಿಗೆ ಹಾಕಿಕೊಳ್ಳುತ್ತ ಹೋದೆ. ಯಾರೋ ನನ್ನ ತೋಳು ಹಿಡಿದರು, ಕೊಡವಿಕೊಂಡೆ. ಯಾರೋ ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದರು. "ಹುಚ್ಚಿನಾ ಇವಳಿಗೆ?" ಎಂದಿತು ಒಂದು ದನಿ.

"ತಿಂದವ್ರು ಯಾರಾದ್ರೂ ಇದ್ದೀರಾ?" ಎಂದು ಕೇಳಿದೆ. "ಬಯ್ಯೋದು ಆಮೇಲೆ ಬಯ್ಯಿರಿ. ಇದು ಹಸಿ ಕಳಲೆ, ವಿಷ. ಯಾರು ತಿಂದಿದ್ದೀರಿ ಹೇಳಿ."

ಒಬ್ಬಿಬ್ಬರು ಚೂರು ಬಾಯಿಗೆ ಹಾಕಿಕೊಂಡಿದ್ದೆವು, ಕಹಿಯೆಂದು ಉಗಿದೆವು ಎಂದರು. ಮಗುವಿನ ತಾಯಿ ಅದರ ಬೆರಳನ್ನು ತನ್ನ ಸೀರೆಯಿಂದ ಉಜ್ಜುತ್ತ ಮತ್ತೆ ಮತ್ತೆ ನೋಡುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಏನೋ ಬಿದ್ದ ಸದ್ದಾಯಿತು. ಅನನ್ಯ ಅನ್ನದ ಪಾತ್ರೆ ತರಲು ಹೊರಟವಳು ಗೋಡೆ ಹಿಡಿದು ಕೆಳಗೆ ಕುಸಿದಿದ್ದಳು.

"ನಾ ತಿಂದೀನ್ರಿ" ಎಂದಳು. "ರಾತ್ರಿ ತಿಂದೆ. ಈಗ ಉಪ್ಪು ಸರಿ ಐತೇನ ನೋಡಾಕ ಮತ್ತೊಂದ ಬಟ್ಟಲ ತಿಂದೆ. ತಲಿ ತಿರಗಾಕತ್ತೈತ್ರಿ. ನಿದ್ದಿ ಇಲ್ಲದ್ದಕ್ಕ ಅಂತ ಅನ್ಕೊಂಡಿದ್ದೆ."

ನನ್ನ ಹಿಂದೆಯೇ ಹಿತ್ತಿಲಿಂದ ಬಂದಿದ್ದ ಪ್ರದೀಪ ಅವಳನ್ನು ಎತ್ತಿಕೊಂಡು ಹೋಗಿ ಓಮ್ನಿಯಲ್ಲಿ ಮಲಗಿಸಿದ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಂದ ದಾರಿಯಲ್ಲೇ ಶೃಂಗೇರಿಗೆ ಹಿಂದಿರುಗಿದೆವು. ಅವಳು ಕಿಟಕಿಯಿಂದಾಚೆ ವಾಂತಿ ಮಾಡಿದಳು, ಆಮೇಲೆ ತಲೆ ಎತ್ತಲೂ ತ್ರಾಣವಿಲ್ಲದೆ ನನ್ನ ಮಡಿಲಿಗೇ ಮಾಡಿದಳು. ಉಸಿರು ಚಿಕ್ಕದಾಗುತ್ತ ಜೋರಾಗುತ್ತ ಬರುತ್ತಿತ್ತು. ಕಣ್ಣು ಮುಚ್ಚಿದಾಗಲೆಲ್ಲ ನಾನು ಅವಳ ಕೆನ್ನೆ ತಟ್ಟಿ ಯಾವ ಊರು, ತಾಯಿಯ ಹೆಸರೇನು, ತಮ್ಮಂದಿರಿದ್ದಾರಾ ಎಂದು ಬಾಯಿಗೆ ಬಂದದ್ದನ್ನು ಕೇಳುತ್ತಿದ್ದೆ. ಗದಗ ಎಂದಳು. ತಾಯಿಯ ಹೆಸರು ಹೇಳುವಾಗ ಅವಳ ನಾಲಗೆ ತೊದಲಿತು. ಈ ಹುಡುಗಿ ನನ್ನ ಮಡಿಲಲ್ಲಿ ಹೋಗಿಬಿಟ್ಟರೆ ನಾನು ಆ ತಾಯಿಗೆ ಯಾವ ಮುಖ ತೋರಿಸಲಿ? ನಿಶ್ಚಿತಾ ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಹಸಿ ಕಳಲೆ ತಿನ್ನಿಸಿದ್ದು ಯಾರಮ್ಮ?"

"ನಾನು" ಎಂದೆ.

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಬಾಗಿಲು ಮುಚ್ಚಿತು. ವಾಂತಿಯ ಸೆರಗು ಹೊತ್ತುಕೊಂಡು ನಾನು ಬೆಂಚಿನ ಮೇಲೆ ಕೂತೆ. ಒಳಗಿನಿಂದ ಹೊರಗೆ ನರ್ಸ್ ಓಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ನಿಶ್ಚಿತಾ ನನ್ನ ಪಕ್ಕ ಕೂತು ಫೋನಿನಲ್ಲಿದ್ದ ಆ ಮೆಸೇಜಿನ ಏರ್ಪಾಡನ್ನು ಬಂದ್ ಮಾಡಿದಳು. ಮಾಡಿದೆ ಎಂದು ನನಗೆ ತೋರಿಸಿದಳು. ನಾನು ನೋಡಲಿಲ್ಲ.

ಬಹಳ ಹೊತ್ತಾದ ಮೇಲೆ ಡಾಕ್ಟರು ಹೊರಬಂದು, ಇನ್ನು ಭಯವಿಲ್ಲ, ಇನ್ನೂ ಒಂದು ಬಟ್ಟಲು ತಿಂದಿದ್ದರೆ ನನ್ನ ಕೈಯಲ್ಲಿರುತ್ತಿರಲಿಲ್ಲ ಎಂದರು. ನಾನು ಅಲ್ಲೇ ಗೋಡೆಗೆ ಒರಗಿದೆ.

ಸಂಜೆ ಒಳಗೆ ಬಿಟ್ಟರು. ಅನನ್ಯ ದಿಂಬಿಗೆ ಒರಗಿದ್ದಳು, ಕೈಗೆ ಡ್ರಿಪ್ ಹಾಕಿದ್ದರು, ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ನಿಶ್ಚಿತಾ ಮಂಚದ ಹತ್ತಿರ ಹೋಗಿ ನಿಂತಳು. ಏನೇನೋ ಹೇಳಬೇಕೆಂದುಕೊಂಡಿದ್ದಳೆಂದು ಕಾಣುತ್ತದೆ.

"ಮೇಡಂ, ತಪ್ಪಾಯ್ತು. ಇನ್ಮುಂದೆ ನಿಮಗೆ ಒಂದು ಮೆಸೇಜೂ ಬರಲ್ಲ. ನೀವು ಹಾಕಿದ ರಿವ್ಯೂ ಕೂಡ ತೆಗೆದುಬಿಡಿ."

ಅನನ್ಯ ಅವಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿನವರ ಜೊತೆ ಮಾತಾಡಿ ನನಗೆ ಅಭ್ಯಾಸವಿದೆ.

"ಹೆಂಗಿತ್ತು, ಹೆಂಗಿತ್ತು ಅಂತ ದಿನಾ ಕೇಳಿದ್ರಿ" ಎಂದಳು ಮೆಲ್ಲಗೆ. "ಹೆಂಗ ತಿನ್ನಬೇಕು ಅಂತ ಒಂದ ಸಲನೂ ಹೇಳಲಿಲ್ಲಲ್ರಿ."

ನಿಶ್ಚಿತಾ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ನಾನು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತೆ, ಡ್ರಿಪ್ ಹಾಕದ ಅವಳ ಇನ್ನೊಂದು ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

"ಮೊದ್ಲು ತೆಳ್ಳಗೆ ಹೆಚ್ಬೇಕು ಮಗಾ" ಎಂದೆ. "ಆಮೇಲೆ ನೀರಿಗೆ ಹಾಕ್ಬೇಕು."

ಮೂರು ದಿನ ಎಂದು ಅವಳ ಬೆರಳುಗಳನ್ನೇ ಒಂದೊಂದಾಗಿ ಮಡಚಿ ಎಣಿಸಿ ತೋರಿಸಿದೆ.